ಸೊಸೆ ಬಚ್ಚಿಟ್ಟ ಪಟಿಕ

ರಾಜಘಟ್ಟದ ಮುನಿಲಕ್ಷ್ಮಮ್ಮನಿಗೆ ಅನುಮಾನ ಹುಟ್ಟುಗುಣ. ಡೇರಿಯವನು ಹಾಲು ಕಡಿಮೆ ಅಳೆಯುತ್ತಾನೆ, ಹುರುಳಿ ಮಾರುವವಳು ಕಲ್ಲು ಬೆರೆಸುತ್ತಾಳೆ, ಮದುವೆ ಕೂಡಿಸುವವರು ಏನನ್ನೋ ಮುಚ್ಚಿಡುತ್ತಾರೆ. ಅವಳ ಅನುಮಾನಗಳಲ್ಲಿ ಅರ್ಧ ನಿಜವೂ ಆಗುತ್ತಿದ್ದವು, ಅದೇ ತೊಂದರೆ.

ಈಗ ಅವಳ ಕಣ್ಣು ಹೊಸ ಸೊಸೆ ಪ್ರಮೋದಾಳ ಮೇಲೆ. ದೇವನಹಳ್ಳಿಯ ಹೋಟೆಲೊಂದರಲ್ಲಿ ಕೆಲಸ ಮಾಡುವ ಈ ಹುಡುಗಿ ಸುಡುವ ಸೆಕೆಯಲ್ಲೂ ದುಪಟ್ಟಾ ಹೊದ್ದು, ತೋಳುಗಳನ್ನು ಮೈಗೆ ಅಂಟಿಸಿಕೊಂಡೇ ಓಡಾಡುತ್ತಾಳೆ. ತನ್ನ ಬಟ್ಟೆಯನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಗಂಡ ವಸಂತ್ ಪಕ್ಕ ಬಂದು ಕೂತರೆ ಎದ್ದು ಹೋಗುತ್ತಾಳೆ.

ಒಂದು ದಿನ ಬಚ್ಚಲಲ್ಲಿ, ಸೋಪಿನ ಡಬ್ಬಿಯ ಹಿಂದೆ, ಕರ್ಚೀಫಿನಲ್ಲಿ ಸುತ್ತಿಟ್ಟ ಪಟಿಕದ ಗಟ್ಟಿ ಸಿಕ್ಕಿತು. ಮುನಿಲಕ್ಷ್ಮಮ್ಮ ಅದನ್ನು ತಿರುಗಿಸಿ ನೋಡಿ, ಇದ್ದ ಹಾಗೇ ಸುತ್ತಿ ಅಲ್ಲೇ ಇಟ್ಟಳು. ಪಟಿಕವೆಂದರೆ ದೃಷ್ಟಿ ತೆಗೆಯುವುದಕ್ಕೆ, ಇಲ್ಲವೇ ಮಾಟಕ್ಕೆ. ದೃಷ್ಟಿಗಾದರೆ ಬಚ್ಚಿಡುವುದೇಕೆ? ಬೀಗಿತ್ತಿ ಕದಿರಮ್ಮನೇ ಮಾಡಿಸಿ ಕಳಿಸಿದ್ದಾಳೆ ಎಂದು ತೀರ್ಮಾನವಾಯಿತು. ಭಾನುವಾರ ಹೆಂಡತಿಯನ್ನು ತವರಿಗೆ ಬಿಟ್ಟು ಬರುವಂತೆ ಮಗನಿಗೆ ಹೇಳಿದಳು. ಹೆಂಡತಿ ದೂರವೇ ಉಳಿಯುವುದರಿಂದ ಬೇಸತ್ತಿದ್ದ ವಸಂತ್ ಬೇಡವೆನ್ನಲಿಲ್ಲ.

ಶನಿವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ಆ ಪಟಿಕವನ್ನು ಎತ್ತಿ ತಂದು ಮಗನ ಅಂಗಿಗೆ ನಿವಾಳಿಸಿ ಹಂಡೆ ಒಲೆಯ ಕೆಂಡಕ್ಕೆ ಹಾಕಿದಳು. ಕರಗಿ ಉಬ್ಬಿದ ಪಟಿಕದಲ್ಲಿ ಕೇಡು ಬಯಸಿದವರ ಮುಖ ಮೂಡುತ್ತದೆ ಎನ್ನುತ್ತಾರೆ. ಕದಿರಮ್ಮನ ಮೂಗು ಸಿಕ್ಕಿಯೇ ಬಿಟ್ಟಿತು. ಹುಡುಕುವವರಿಗೆ ಏನು ತಾನೇ ಸಿಗುವುದಿಲ್ಲ?

ಅಷ್ಟರಲ್ಲಿ ಕೆಲಸಕ್ಕೆ ಹೊರಟ ಪ್ರಮೋದಾ ಪಟಿಕ ಹುಡುಕುತ್ತ ಬಂದಳು. ಒಲೆ ನೋಡಿ ಅವಳ ಮುಖ ಬಿಳಿಚಿತು. ಯಾಕೆ ಬಚ್ಚಿಟ್ಟಿದ್ದೆ ಎಂದು ಅತ್ತೆ ಗದರಿದಾಗ ತೋಳೆತ್ತಿದಳು. ಈಗಷ್ಟೇ ತೊಟ್ಟ ಯೂನಿಫಾರಂ ಕಂಕುಳಿಂದ ಸೊಂಟದವರೆಗೆ ತೊಯ್ದಿತ್ತು.

"ಬೆವರು ಅತ್ತೆ. ಹೈಸ್ಕೂಲಿಂದ ಹಿಂಗೇ. ಪಟಿಕ ಉಜ್ಜಿದ್ರೆ ಸ್ವಲ್ಪ ತಡೆಯುತ್ತೆ. ನಾರುತ್ತೆ ಅಂತ ಅವ್ರ ಪಕ್ಕ ಕೂರಕ್ಕೂ ಭಯ."

ಮುನಿಲಕ್ಷ್ಮಮ್ಮ ಅದನ್ನೂ ನಂಬಲಿಲ್ಲ. ಹತ್ತಿರ ಬಂದು, ಆ ತೋಳನ್ನು ಇನ್ನಷ್ಟು ಮೇಲೆತ್ತಿ, ಮೂಗಿಟ್ಟು ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

"ನಾರಲ್ಲ ಕಣೆ, ಬರೀ ನೀರು. ತವರೂ ಬೇಡ, ಏನೂ ಬೇಡ. ಸೋಮವಾರ ಚರ್ಮದ ಡಾಕ್ಟ್ರ ಹತ್ರ ಹೋಗಾಣ."

ಪ್ರಮೋದಾ ಅಲ್ಲೇ ಕುಸಿದು ಕೂತು ಅತ್ತಳು. ನಾರುವುದಿಲ್ಲ ಎಂದು ಅವಳ ತಾಯಿಯೂ ಎಷ್ಟೋ ಸಲ ಹೇಳಿದ್ದಳು. ಆದರೆ ಈ ಅತ್ತೆ, ಸಮಾಧಾನಕ್ಕೆಂದು ಸುಳ್ಳು ಹೇಳುವ ಹೆಂಗಸಲ್ಲ.