ಮಗ್ಗದ ಸದ್ದು ಮೀರಿದ ಗಿಟಾರು

ಇಳಕಲ್ಲಿನ ನಮ್ಮ ಗೌರಚಿಗವ್ವ ಪಿಸುಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಹಗಲೆಲ್ಲ ಮಗ್ಗ ಬಡಿಯುವ ಮನೆಯಲ್ಲಿ ಬಾಳಿದವಳು. ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದಳು. "ಮಗ್ಗ ದಾಟಿ ಬಂದ್ರ ಅದು ದನಿ, ಇಲ್ಲಂದ್ರ ಬರೇ ಉಸುರು" ಎನ್ನುವುದು ಆಕೆಯ ಮಾತು. ಹಾಗೆ ಅಂದಿದ್ದಳೋ, ನಾನೇ ಆಮೇಲೆ ಸೇರಿಸಿಕೊಂಡೆನೋ? ಧಾರವಾಡದಲ್ಲಿ ಭೌತಶಾಸ್ತ್ರ ಓದಿದಂದಿನಿಂದ ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಆಕೆಯ ಕೈ ಮಾತ್ರ ಕಣ್ಣಿಗೆ ಕಟ್ಟಿದೆ. ರಾಟಿ ತಿರುಗಿಸಿ, ಲಾಳಿಯೊಳಗೆ ಕೂರುವ ಕಂಡಿಕೆಗೆ ರೇಷ್ಮೆ ಸುತ್ತುವಾಗ ಎಳೆಯ ಕಡೆ ನೋಡುತ್ತಲೇ ಇರಲಿಲ್ಲ. ಬೆರಳ ಸಂದಿಯಲ್ಲಿ ಅದನ್ನು ಹಾಯಬಿಟ್ಟು, ಬಂದವರನ್ನು ಗೇಲಿ ಮಾಡುತ್ತ ಕೂತಿರುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ಆಕೆಯ ಮಗ ಮಲ್ಲು ಬಾಗಲಕೋಟೆಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಇರುತ್ತದೆ: ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ತಂತಿಯ ಮಿಡಿತವನ್ನು ಆಂಪ್ಲಿಫೈಯರಿಗೆ ಮುಟ್ಟಿಸುವುದು ಅದೇ. ಮಲ್ಲುವಿನ ಗಿಟಾರಿನಲ್ಲಿ ಆ ಸುರುಳಿ ಕೆಟ್ಟು ದನಿ ಕುಗ್ಗಿತ್ತು. ಆರ್ಕೆಸ್ಟ್ರಾದ ಮಾಲೀಕ ಮುಂಬಯಿಯಿಂದ ತರಿಸಿದ ತನ್ನ ಗಿಟಾರನ್ನು ಅವನ ಕೈಗಿಟ್ಟು, "ನಿಂದೂ ಇದರಷ್ಟು ಜೋರ ಕೇಳಬೇಕು ನೋಡು. ಇಲ್ಲಂದ್ರ ಮುಂದಿನ ಕಾರ್ಯಕ್ರಮಕ್ಕ ಬ್ಯಾರೆಯವರನ್ನ ಕರಸ್ತೇನಿ" ಎಂದಿದ್ದ.

"ಸುತ್ತೂದೇ ಹೌದಿಲ್ಲೋ? ತಾ ಇಲ್ಲೆ" ಎಂದಳು ಚಿಗವ್ವ.

ರೇಡಿಯೊ ರಿಪೇರಿ ಅಂಗಡಿಯಿಂದ ತಂದ ತಂತಿಯನ್ನು ರಾಟಿಯಲ್ಲೇ ಸುತ್ತಿದಳು. ಮಲ್ಲು ಜೋಡಿಸಿ ನುಡಿಸಿದರೆ ಗಿಟಾರು ಮೂಕ.

"ನಡುವ ಎಲ್ಲೆರೆ ಹರಿದಿತ್ತೇನು?" ಎಂದು ಕೇಳಿದೆ.

"ಹರೀತು. ಗಂಟ ಹಾಕೀನಿ. ಎಲ್ಲಿ ಐತಿ ಹುಡಕು ನೋಡೂಣು!"

ರೇಷ್ಮೆಗಾದರೆ ಆ ಗಂಟು ಸಾಕು. ಈ ತಂತಿಯ ಮೇಲೆ ವಾರ್ನಿಷಿನ ಲೇಪವಿರುತ್ತದೆ. ಗಂಟಿನೊಳಗೆ ತಾಮ್ರಕ್ಕೆ ತಾಮ್ರ ಮುಟ್ಟಿರಲಿಲ್ಲ. ಆ ಜಾಗ ಕೆರೆದು ಬೆಸುಗೆ ಹಾಕಿದರೆ ಆಯಿತು ಎಂದೆ. ಚಿಗವ್ವ ಕತ್ತರಿ ತೆಗೆದುಕೊಂಡು ಇಡೀ ಸುರುಳಿಯನ್ನೇ ಕತ್ತರಿಸಿ ಹಾಕಿದಳು. "ತ್ಯಾಪಿ ಹಚ್ಚಿದ್ದು ನನ್ನ ಮಗನ ಕೈಯಾಗ ಬ್ಯಾಡ." ಮತ್ತೆ ಮೊದಲಿನಿಂದ ಕೂತಳು. ಈ ಸಲ ಗೇಲಿಯಿಲ್ಲ, ಮಾತಿಲ್ಲ. ಆಕೆ ಎಳೆಯನ್ನೇ ನೋಡುತ್ತ ಸುತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಾಲೀಕನ ಗಿಟಾರಿಗೂ ಮಲ್ಲುವಿನದಕ್ಕೂ ಹೋಲಿಕೆಯ ಕಟ್ಟುಪಾಡು ನನ್ನದು: ಒಂದೇ ಆಂಪ್ಲಿಫೈಯರು, ವಾಲ್ಯೂಮ್ ಗುಂಡಿಯ ಒಂದೇ ಮಟ್ಟ, ಎರಡರಲ್ಲೂ ಪಿಕಪ್ಪಿಗೂ ತಂತಿಗೂ ಒಂದೇ ಅಂತರ. ಮಲ್ಲು ಯಾವುದನ್ನು ಯಾವಾಗ ನುಡಿಸುತ್ತಾನೆಂದು ತಿಳಿಯದಂತೆ ನಾನು ಬಾಗಿಲಲ್ಲಿ ಬೀದಿಗೆ ಮುಖಮಾಡಿ ನಿಂತೆ. ಚಿಗವ್ವನದು ಒಂದೇ ಷರತ್ತು. ಒಳಗೆ ನೇಯುತ್ತಿದ್ದ ಗಂಡನಿಗೆ, ನಮ್ಮ ಕಾಕಾನಿಗೆ, ಕೂಗಿದಳು: "ಮಗ್ಗ ನಿಲ್ಲಸಬ್ಯಾಡ್ರಿ!"

ಮೊದಲನೆಯದು ಮಗ್ಗದ ಸದ್ದಿನಲ್ಲಿ ಅರ್ಧ ಮುಳುಗಿತು. ಎರಡನೆಯದು ಅದನ್ನು ದಾಟಿ ಬೀದಿಗೆ ಬಂತು.

"ಎರಡನೇದು" ಎಂದೆ.

"ಡಿಗ್ರಿ ಆದಾಂವ ಹೇಳ್ಯಾನ, ಕೇಳಿದ್ರಿಲ್ಲೋ!" ಎಂದು ಓಣಿಗೆಲ್ಲ ಕೇಳುವಂತೆ ಸಾರಿದಳು. ಎರಡನೆಯದು ಆಕೆ ಸುತ್ತಿದ್ದು. ಮಲ್ಲು ಆರ್ಕೆಸ್ಟ್ರಾದಲ್ಲೇ ಉಳಿದ.

ವರ್ಷಗಳ ಮೇಲೆ ನನಗೊಂದು ಅನುಮಾನ ಹತ್ತಿತು. ನನ್ನ ಬೆನ್ನ ಹಿಂದೆ ಕಾಕಾ ಎರಡನೆಯ ಸರದಿಗೆ ಮಗ್ಗ ನಿಧಾನ ಮಾಡಿದ್ದರೆ? ಆತ ತೀರಿಕೊಂಡಿದ್ದ. ಕೊನೆಯ ಸಲ ಚಿಗವ್ವನನ್ನು ಕಂಡಾಗ ಕೇಳಿಯೇಬಿಟ್ಟೆ. ಹಾಸಿಗೆ ಹಿಡಿದಿದ್ದ ಆಕೆಯ ದನಿ ಬಹಳ ಸಣ್ಣದಾಗಿತ್ತು.

"ಮಾಡಿದ್ರೂ ಮಾಡಿರಬೇಕು ತಗೋ, ನನ್ನ ಮ್ಯಾಲೆ ಭಾಳ ಜೀವ ಇತ್ತು ಅವರ್ದು" ಎಂದು ನಕ್ಕಳು. "ಆದ್ರ ಬಾಗಲಕೋಟಿ ಕಾರ್ಯಕ್ರಮದಾಗ ನಾ ಬೇಕಂತ ಕಡೀ ಸಾಲಿನಾಗ ಕುಂತು ಕೇಳೀನಲೇ. ಅಲ್ಲೆ ಯಾರ ಮಗ್ಗ ನಿಧಾನ ಮಾಡಿದ್ರು?"

ಪಕ್ಕದ ಮನೆಯಲ್ಲಿ ಮಗ್ಗ ಬಡಿಯುತ್ತಿತ್ತು. ಅದನ್ನು ದಾಟಿ ಆಕೆಯ ಮಾತು ಒಂದೂ ಬಿಡದೆ ನನಗೆ ಕೇಳಿತು.