ಹೇಳಿದವಳು ಶಿಖಾ ಅಲ್ಲ

ಮಿಠುವಿನ ಕೆಲಸ ತಪ್ಪಿಸಿದವಳು ನಾನು. ಕೆಳಗಿನ ಮನೆಯ ಶಿಖಾ ಅಲ್ಲ — ನಾನು, ನಿಮ್ಮ ಅಜ್ಜಿ. ನನಗೆ ಬರೆಯಲು ಬರುವುದು ಕನ್ನಡವೊಂದೇ. ನಿಮಗೆ ಓದಲು ಬಾರದು, ನಿಮ್ಮ ಅಪ್ಪನೇ ಓದಿ ಹೇಳಬೇಕಾದೀತು. ಹಾಗಾದರೆ ಅವನಿಗೂ ತಿಳಿಯುತ್ತದೆ. ತಿಳಿಯಲಿ.

ಆಗ ನೀವಿನ್ನೂ ಹುಟ್ಟಿರಲಿಲ್ಲ. ಸಾಲ್ಟ್ ಲೇಕ್ ಕಡೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಾವು ಜಾದವ್‌ಪುರದ ಇದೇ ಮೂರನೇ ಮಹಡಿಯಲ್ಲಿದ್ದೆವು. ಎದುರು ಮನೆಯಲ್ಲಿ ಅಪರ್ಣಾ, ಅವಳ ಮಗಳು ಮಿಠು. ಒಂದು ಮಹಡಿ ಕೆಳಗೆ ಶಿಖಾ.

ನಿಮ್ಮ ಅಜ್ಜ ಇದ್ದಾಗ ರೈಲ್ವೆ ಆಫೀಸಿನವರು, ನಮ್ಮ ಗದಗಿನ ಕಡೆಯವರು ಬರುತ್ತಲೇ ಇದ್ದರು. “ಯಾರನ್ನೂ ಚಹಾ ಕುಡಿಸದ ಕಳಸಬ್ಯಾಡ. ಒಂದು ಕಪ್ ಚಹಾಕ್ಕ ಹೊರಗಿನವ್ರು ಮನಿಯವ್ರಾಗ್ತಾರ” ಎನ್ನುತ್ತಿದ್ದರು. ಅದು ಸುಳ್ಳಲ್ಲ. ಭಾಷೆ ಬಾರದ ಈ ಬಂಗಾಳಿ ಊರಲ್ಲಿ ಅಪರ್ಣಾ, ಶಿಖಾ ಇಬ್ಬರೂ ನನಗೆ ದಕ್ಕಿದ್ದು ಚಹಾದಿಂದಲೇ. ಸಂಜೆ ನಾಲ್ಕಕ್ಕೆ ಒಂದು ದಿನ ಅವರ ಮನೆ, ಒಂದು ದಿನ ನಮ್ಮ ಮನೆ. ಅವರು ಮಾತಾಡುವರು, ನಾನು ಕೇಳುವೆ. “ದಿದಿ, ಚಹಾದಲ್ಲಿ ಶುಂಠಿ ಹಾಕಿದ್ದೀರೋ, ಶುಂಠಿಯಲ್ಲಿ ಚಹಾ ಹಾಕಿದ್ದೀರೋ?” ಎಂದು ಶಿಖಾ ಕಾಡಿಸುವಳು. ಕಾಡಿಸಿ, ಇನ್ನರ್ಧ ಕಪ್ ಕೇಳುವಳು.

ಅಜ್ಜ ತೀರಿಹೋದ ಮೇಲೆ ಉಳಿದವರ ಬರವು ನಿಂತಿತು. ಅವರೆಲ್ಲ ಅಜ್ಜನಿಗಾಗಿ ಬರುತ್ತಿದ್ದರೆಂದು ಆಗ ಗೊತ್ತಾಯಿತು. ನನ್ನ ಮಾತು ಬೇಕೆಂದು ಯಾರೂ ಎಂದೂ —

ಮಿಠುವಿನ ಮೇಲೆ ನನಗೆ ಅನುಮಾನವಿತ್ತು. ಸಂಜೆ ಚೆಂದದ ಬಟ್ಟೆ ಹಾಕಿಕೊಂಡು ಹೊರಟರೆ ಅವಳು ಬರುವುದು ಬೆಳಗ್ಗೆ. ಆಫೀಸು ಎನ್ನುತ್ತಿದ್ದಳು. ರಾತ್ರಿ ನಡೆಯುವ ಆಫೀಸು ಯಾವುದು? ನಾನು ಹೊಸ್ತಿಲಿಗೆ ರಂಗೋಲಿ ಎಳೆಯುವಾಗ ಅವಳು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಹಿಂದೆ ಒಬ್ಬ ಗಂಡಸು. ಅವಳು ಒಳಗೆ ಹೋಗುವ ತನಕ ನಿಂತಿರುತ್ತಿದ್ದ. ಇಂದು ಒಬ್ಬ, ನಾಳೆ ಇನ್ನೊಬ್ಬ. ಹೆಣ್ಣುಮಕ್ಕಳನ್ನು ಬಾಗಿಲ ತನಕ ಬಿಡಬೇಕೆಂದು ಕಂಪನಿಯೇ ಕಾರಿನಲ್ಲಿ ಕಳಿಸುತ್ತಿದ್ದ ಕಾವಲುಗಾರರು ಅವರು. ಕೇಳಿದ್ದರೆ ಅಂದೇ ತಿಳಿಯುತ್ತಿತ್ತು. ಅವಳ ಕೊರಳಲ್ಲಿ ಆಫೀಸಿನ ಕಾರ್ಡು ನೇತಾಡುವುದನ್ನೂ ಕಂಡಿದ್ದೆ. ಅದನ್ನೂ ನಂಬಲಿಲ್ಲ.

ಆ ಸಣ್ಣ ಕಂಪನಿ ಒಂದು ದಿನ ಬಾಗಿಲು ಹಾಕಿತು. ಮಿಠುವಿಗೆ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹಳೆಯ ಕಂಪನಿ ಮುಚ್ಚಿದ್ದರಿಂದ, ಅಲ್ಲಿ ಒಂದು ವರ್ಷ ಕೆಲಸ ಮಾಡಿದೆನೆಂದು ಅವಳು ಹೇಳಿದ್ದು ನಿಜವೇ ಎಂದು ನೆರೆಯವರನ್ನು ವಿಚಾರಿಸಲು ಹೊಸ ಕಂಪನಿಯ ಕಡೆಯಿಂದ ಒಬ್ಬ ಬಂದ. ಮಧ್ಯಾಹ್ನ, ನಾನೊಬ್ಬಳೇ. ಸರಪಳಿ ತೆಗೆಯದೆ ಬಾಗಿಲ ಸಂದಿಯಿಂದಲೇ ಮಾತಾಡಿದೆ. “ಮಾಶಿಮಾ, ನಿಮ್ಮನ್ನೇ ಕೇಳಬೇಕಿತ್ತು” ಎಂದ, ಹಿಂದಿಯಲ್ಲಿ, ಚಿಕ್ಕಮ್ಮನನ್ನು ಕರೆಯುವಂತೆ. ನನ್ನನ್ನೇ. ಸರಪಳಿ ತೆಗೆದೆ. ಚಹಾಕ್ಕಿಟ್ಟೆ.

ಹುಡುಗಿ ಹೇಗೆ ಎಂದ. ಒಳ್ಳೆಯವಳು ಎಂದೆ. ಅಷ್ಟು ಬರೆದುಕೊಂಡು ಫೈಲು ಮುಚ್ಚಿದ, ಕಪ್ ಕೆಳಗಿಟ್ಟ. ಅಲ್ಲಿಗೇ ಮುಗಿಯಬಹುದಿತ್ತು. ನಾನು ಇನ್ನೊಂದು ಕಪ್ ಬಗ್ಗಿಸಿದೆ. ಅವನು ಮತ್ತೆ ಕೂತ. ಹೇಳಲು ಏನೂ ಇರಲಿಲ್ಲ — ಅವನನ್ನು ಕೂರಿಸಿಕೊಳ್ಳಲು ನನ್ನ ಬಳಿ ಇದ್ದದ್ದು ಆ ಅನುಮಾನವೊಂದೇ.

“ಒಂದು ವರ್ಷದಿಂದ ಕೆಲಸಕ್ಕೆ ಹೋಗುತ್ತಿದ್ದಳಲ್ಲವೇ?” ಎಂದು ಸುಮ್ಮನೆ ಕೇಳಿದ.

“ಯಾವ ಕೆಲಸವೋ. ಹಗಲೆಲ್ಲ ಮನೆಯಲ್ಲೇ ಇರುತ್ತಾಳೆ. ರಾತ್ರಿ ಹೋಗುತ್ತಾಳೆ, ಬೆಳಗ್ಗೆ ಯಾರ್‍ಯಾರೋ ಗಂಡಸರು ಬಿಟ್ಟುಹೋಗುತ್ತಾರೆ.”

ಫೈಲು ಮತ್ತೆ ತೆರೆಯಿತು. ಈ ಸಲ ಬಹಳ ಹೊತ್ತು ಬರೆದ. ನಾನು, ನನ್ನ ಹೆಸರು ಹಾಕಬೇಡಿ ಎಂದೆ. ತಪ್ಪೆಂದು ಗೊತ್ತಿಲ್ಲದಿದ್ದರೆ ಹಾಗೆ ಯಾಕೆ ಹೇಳುತ್ತಿದ್ದೆ? “ನೆರೆಯವರು ಎಂದಷ್ಟೇ ಹಾಕುತ್ತೇನೆ, ಮಾಶಿಮಾ” ಎಂದು ಚಹಾ ಮುಗಿಸಿ ಹೋದ.

ಹತ್ತು ದಿನಕ್ಕೆ ಮಿಠುವಿಗೆ ಕೆಲಸವಿಲ್ಲವೆಂಬ ಕಾಗದ ಬಂತು. ಅವಳು ವಿಚಾರಿಸಿದಾಗ, ನೆರೆಯವರು ಹೇಳಿದ್ದು ನಿನ್ನ ಮಾತಿಗೆ ತಾಳೆಯಾಗಲಿಲ್ಲ ಎಂದರಂತೆ. ಅಪರ್ಣಾ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನಾನು ಕೊಟ್ಟ ಚಹಾ ಕುಡಿಯುತ್ತಲೇ, “ಇದು ಶಿಖಾಳದೇ ಕೆಲಸ. ತಾರಸಿಯಲ್ಲಿ ಬಟ್ಟೆ ಒಣಹಾಕುವುದಕ್ಕೆ ಮೊನ್ನೆ ಜಗಳವಾಡಿದ್ದಳಲ್ಲ. ನೀವಂತೂ ಯಾರ ಸುದ್ದಿಗೂ ಹೋಗುವವರಲ್ಲ, ದಿದಿ” ಎಂದಳು.

ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. “ಹೋತೇ ಪಾರೆ” ಎಂದೆ. ಇರಬಹುದು, ಎಂದು.

ಆ ಎರಡು ಮಾತಿಗೆ ಅಪರ್ಣಾ ಎದ್ದು ಕೆಳಗೆ ಹೋದಳು. ಮೆಟ್ಟಿಲ ಮೇಲೆ ನಿಂತು ಇಡೀ ಕಟ್ಟಡಕ್ಕೆ ಕೇಳುವಂತೆ ಬೈದಳು. ಶಿಖಾ, “ನಾನಲ್ಲ, ಮಾ ಕಾಳಿಯಾಣೆ ನಾನಲ್ಲ” ಎನ್ನುತ್ತಿದ್ದುದು ಮೇಲಕ್ಕೆ ಕೇಳುತ್ತಿತ್ತು. ನಾನು ಹಾಲು ಕಾಯಿಸುತ್ತಿದ್ದೆ. ಅಂದಿನಿಂದ ಈ ಕಟ್ಟಡದಲ್ಲಿ ಯಾರೂ ಅವಳ ಮನೆಯ ಚಹಾ ಮುಟ್ಟಲಿಲ್ಲ. ಲಕ್ಷ್ಮೀಪೂಜೆಗೆ ಅವಳು ಕಳಿಸಿದ ಪ್ರಸಾದದ ತಟ್ಟೆಗಳು ಬಾಗಿಲಿಂದಲೇ ವಾಪಸಾದವು. ನಮ್ಮ ಬಾಗಿಲಿಂದಲೂ.

ಮಿಠು ಈಗ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳ ಬಾಳು ಹಾಳಾಗಲಿಲ್ಲ ಎನ್ನುವ ಹಕ್ಕು ನನಗಿಲ್ಲ. ಶಿಖಾಗೆ ನನ್ನ ಮೇಲೆ ಅನುಮಾನವಿದೆಯೋ ಇಲ್ಲವೋ, ತಿಳಿಯದು. ಮೆಟ್ಟಿಲಲ್ಲಿ ಎದುರಾದರೆ ಒಂದು ಗಳಿಗೆ ಹೆಚ್ಚೇ ನೋಡುತ್ತಾಳೆ ಎನಿಸುತ್ತದೆ. ಅಪರ್ಣಾ ಚಹಾ ಕೊಟ್ಟರೂ, ಯಾಕೆ ಕೊಟ್ಟಳು, ಏನು ಕೇಳಲಿದ್ದಾಳೆ ಎಂದೇ... ಇಷ್ಟು ವರ್ಷ ಹೀಗೆಯೇ ಕುಡಿದೆ. ಮನೆಗೆ ಯಾರಾದರೂ ಬಂದರೆ ನಾನೇಕೆ ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತೇನೆಂದು ಕೇಳುತ್ತಿದ್ದಿರಲ್ಲ. ನನ್ನ ಬಾಯಿಗೆ ನಾನೇ ಹೆದರಿ.

ಇದನ್ನು ನಿಮಗೆ ಬರೆದರೆ ಸಾಲದು. ಶಿಖಾ ಅಂದು ಕೂಗಿ ಹೇಳಿದ್ದು ನಿಜವೆಂದು ಈ ಮನೆಗಳಿಗೆ ಗೊತ್ತಾಗಬೇಕು. ನನ್ನ ಬಂಗಾಳಿ ಇಂದಿಗೂ ತೊದಲು, ಆದರೆ ಬೇಕಾದ ಮಾತು ಎರಡೇ: ಆಮಿ ಬೋಲೆಛಿಲಾಮ್ — ಹೇಳಿದವಳು ನಾನು. ಬೆಳಗಿನಿಂದ ಅದನ್ನೇ ಬಾಯಿಪಾಠ ಮಾಡುತ್ತಿದ್ದೇನೆ. ಇವತ್ತು ಅಪರ್ಣಾ ಮನೆಯಲ್ಲಿದ್ದಾಳೆ. ಅವಳನ್ನು ಕರೆದುಕೊಂಡೇ ಶಿಖಾಳ ಬಾಗಿಲಿಗೆ ಇಳಿಯುತ್ತೇನೆ. ಒಳಗೆ ಬನ್ನಿ ಎಂದರೆ ಹೋಗುವುದಿಲ್ಲ. ನಿಂತಲ್ಲೇ ಹೇಳುತ್ತೇನೆ, ಮೆಟ್ಟಿಲ ಮೇಲೆ, ಎಲ್ಲರಿಗೂ ಕೇಳುವಂತೆ.