ಹಸು ಮೂಸಿ ಬಿಟ್ಟ ನೀರು

ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದು ಇನ್ನೂ ನಿಧಾನ. ಆದರೂ ಇದನ್ನು ನಾನೇ ಬರೆಯಬೇಕು. ನನ್ನ ಮಾತನ್ನು ಇನ್ನೊಬ್ಬರ ಕೈಲಿ ಬರೆಸಿ ಒಂದು ಸಲ ಕೆಟ್ಟಿದ್ದೇನೆ.

ನಮ್ಮೂರು ವಕ್ಕಲೇರಿ ಕಡೆ. ಹೊಲದಾಚೆ ಒಂದು ಕಂಪನಿ ಎದ್ದ ಮೇಲೆ ಹಿತ್ತಲ ಬೋರಿನ ನೀರು ನಾರತೊಡಗಿತು. ಎರಡು ವರ್ಷದ ಹಿಂದೆ ಕೋಲಾರದ ಕಾಲೇಜಿನಿಂದ ಐದು ಜನ ಬಂದರು. ಕಂಪನಿ ನಡೆಸುವ ವಿದ್ಯೆ ಕಲಿಯುವವರು. ಕಂಪನಿಗಳು ಸುತ್ತಲ ಊರಿಗೆ, ನೀರಿಗೆ, ಮಣ್ಣಿಗೆ ಏನು ಮಾಡುತ್ತಿವೆ ಎಂದು ಕೇಳಿ ಬರೆದುಕೊಳ್ಳಬೇಕಂತೆ. ನಾಲ್ವರು ಫೋನು ನೋಡುತ್ತ ನೆರಳಿಗೆ ನಿಂತರು. ಒಬ್ಬಳು ಮಾತ್ರ ಜಗಲಿ ಮೇಲೆ ಕೂತಳು. ಮುಳಬಾಗಿಲು ಕಡೆಯವಳು, ನಮ್ಮ ಮನೆಯವರಂತೆಯೇ ಕನ್ನಡ ತೆಲುಗು ಕಲಸಿ ಆಡುವವಳು.

“ಬರೀ ಲಾಭ ನೋಡಿದ್ರೆ ಆಗಲ್ಲ ಅಜ್ಜಿ. ಊರು ಕೆಟ್ರೆ ಕಂಪನಿಯೋರೇ ಜವಾಬ್ದಾರಿ,” ಎಂದಳು.

“ಹಂಗಂತ ಅವ್ರಿಗೆ ಹೇಳೋರ್ಯಾರು?”

“ನಾವೇ. ಅದಕ್ಕೇ ಓದ್ತಿರೋದು.”

ಹೊಸ ಬೋರು ಕೊರೆಸಿದರೆ ನಾವು ಮೊದಲು ಹಸುವಿಗೆ ನೀರಿಟ್ಟು ನೋಡುತ್ತೇವೆ. ಅದು ಕುಡಿದರೆ ನಾವು. ಅವಳ ಎದುರಿಗೇ ಹಿತ್ತಲ ಬೋರಿನ ನೀರನ್ನು ಬಕೆಟ್ಟಿಗೆ ತುಂಬಿ ಹಸುವಿನ ಮುಂದಿಟ್ಟೆ. ಹಸು ಮೂಸಿ ಮೂತಿ ತಿರುಗಿಸಿತು.

“ನೋಡಿದ್ಯೇನೇ? ಬರ್ಕೋ.”

ಬರೆದುಕೊಂಡಳು. ಹೊರಟಾಗ ಕುಂಕುಮ ಇಟ್ಟು ಹೊಸ ರವಿಕೆ ಕಣ ಕೊಟ್ಟೆ. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವವರಲ್ಲ ನಾವು. ಜೊತೆಯವನೊಬ್ಬ ಫೋಟೊ ತೆಗೆದ. ಹಲ್ಲು ಬಿಟ್ಟುಕೊಂಡು ನಿಂತೆ. ಅದು ನನ್ನ ತಪ್ಪು.

“ಕಂಪನಿ ಕೆಲ್ಸಕ್ಕಂತ ಓದೋಳು ಕಂಪನೀನೇ ಬೈತಾಳೇನೇ?” ಎಂದು ಯಜಮಾನರು ನಕ್ಕರು. ಅವರ ಬಾಯಿ ಮುಚ್ಚಿಸಿದೆ.

ಈ ವರ್ಷ ಆ ಕಂಪನಿ ನಮ್ಮೂರ ಶಾಲೆಗೆ ಬಣ್ಣ ಹೊಡೆಸಿತು. ಅವತ್ತಿನ ಸಮಾರಂಭದಲ್ಲಿ ದೊಡ್ಡ ಬೋರ್ಡು. ಅದರಲ್ಲಿ ನಾನು, ಅದೇ ಹುಡುಗಿಗೆ ರವಿಕೆ ಕಣ ಕೊಡುತ್ತಿದ್ದೇನೆ. ಕೆಳಗೆ ಬರೆದಿದ್ದನ್ನು ಕೂಡಿಸಿ ಓದಿದೆ: ಗ್ರಾಮಸ್ಥರ... ಆಮೇಲಿನದು ನಾಲಗೆಗೆ ಹತ್ತಲಿಲ್ಲ. ಮೇಷ್ಟ್ರನ್ನು ಕೇಳಿದೆ.

“ಕೃತಜ್ಞತೆ. ನೀವು ಕಂಪನಿಗೆ ಥ್ಯಾಂಕ್ಸ್ ಹೇಳ್ತಿದ್ದೀರ ಅಂತ, ಅಜ್ಜಿ.”

ಆ ಕಂಪನಿಗೆ ನಾನು ಹೇಳಿದ್ದೆಲ್ಲ ಬೈಗುಳ.

ಹುಡುಗಿಯೂ ಅಲ್ಲೇ ಇದ್ದಳು, ಕೊರಳಲ್ಲಿ ಅದೇ ಕಂಪನಿಯ ಕಾರ್ಡು. ನನ್ನನ್ನು ಕಂಡು, ಸಿಹಿ ಡಬ್ಬ ಹಿಡಿದು ಮನೆಗೇ ಬಂದಳು.

“ನೀರಿನ ವಿಷ್ಯ ಏನಾಯ್ತೇ?”

“ಕಾಲೇಜಿಗೆ ಬರ್ದು ಕೊಟ್ಟೆ ಅಜ್ಜಿ. ಒಳ್ಳೆ ಮಾರ್ಕ್ಸೂ ಬಂತು. ಈಗ ಇಲ್ಲೇ ಕೆಲ್ಸ, ಅದನ್ನೆಲ್ಲ ಮಾತಾಡೋಕಾಗಲ್ಲ. ಹಸು ಮೂಸಿದ್ದು ಸಾಕ್ಷಿ ಆಗಲ್ಲ.”

“ಅವತ್ತು ಆಗಿತ್ತಲ್ಲ?”

ಸಿಹಿ ಡಬ್ಬವನ್ನು ನನ್ನ ಕಡೆ ಸರಿಸಿದಳು.

ಬಂದವರಿಗೆ ನೀರು ಕೊಡಬೇಕಲ್ಲ. ಆ ಬೋರಿನ ನೀರನ್ನೇ ಚೊಂಬಿಗೆ ತುಂಬಿ ಕೊಟ್ಟೆ. ಎರಡು ಕೈಯಲ್ಲಿ ಈಸಿಕೊಂಡು, ಮೆಲ್ಲಗೆ ಜಗಲಿ ಮೇಲಿಟ್ಟಳು. ಬ್ಯಾಗಿನಿಂದ ಬಾಟಲಿ ತೆಗೆದು ಅದರ ನೀರು ಕುಡಿದಳು.

ಹಸುವಾದರೂ ಮೂಸಿ ಬಿಟ್ಟಿತ್ತು. ಇವಳು ಮೂಸಲೂ ಇಲ್ಲ.

ಚೊಂಬಿನ ನೀರನ್ನು ಅವಳ ಮುಂದೆಯೇ ಚೆಲ್ಲಿದೆ. ಕುಂಕುಮ ಕೊಡಲಿಲ್ಲ.